ಕ್ಯಾಮೆರಾ ಕಾಣದ ನೀಲಿ

ಮಾರ್ಚ್ ೨, ಸೋಮವಾರ

ಈ ವಹಿಯನ್ನು ಇಂದಿನಿಂದ ಆರಂಭಿಸಲಾಗಿದೆ. ಪೂರ್ವಭಾವಿ ವಿವರಗಳು ಈ ಕೆಳಕಂಡಂತಿವೆ:

೧. ಬರೆಯುವವನ ವಯಸ್ಸು: ಎಪ್ಪತ್ತೊಂದು ತುಂಬಿ ನಾಲ್ಕು ತಿಂಗಳು.

೨. ವೃತ್ತಿ: ದಿನಪತ್ರಿಕೆಯಲ್ಲಿ ವ್ಯಂಗ್ಯಚಿತ್ರಕಾರ. ನಲವತ್ತೊಂದು ವರ್ಷಗಳಿಂದ ಒಂದು ದಿನವೂ ತಪ್ಪಿಲ್ಲ (ಟೈಫಾಯಿಡ್ ಜ್ವರದ ಹನ್ನೊಂದು ದಿನಗಳ ಹೊರತು).

೩. ಪೂರ್ವಾನುಭವ: ಹದಿನೇಳನೆಯ ವಯಸ್ಸಿನಿಂದ ಹದಿಮೂರು ವರ್ಷ ನ್ಯಾಯಾಲಯದ ಎದುರಿನ ಅರ್ಜಿ ಬರಹಗಾರರೊಬ್ಬರಲ್ಲಿ ನಕಲುಗಾರ. ನನ್ನ ಗದ್ಯ ಅಲ್ಲಿಂದ ಬಂದದ್ದು. ಅದಕ್ಕಾಗಿ ಯಾರ ಕ್ಷಮೆಯನ್ನೂ ಕೋರುವ ಅಗತ್ಯ ಇದುವರೆಗೆ ಕಂಡುಬಂದಿಲ್ಲ.

೪. ಕುಟುಂಬ: ಅಕ್ಕ ಒಬ್ಬಳು, ವಯಸ್ಸು ಎಪ್ಪತ್ತಾರು, ನಿವೃತ್ತ ಟೆಲಿಫೋನ್ ಆಪರೇಟರ್. ನನಗೆ ಮದುವೆ ಆಗಿಲ್ಲ. ಅಕ್ಕನಿಗೆ ಆಗಿ, ಮುಗಿದಿದೆ.

೫. ಪತ್ರಿಕೆಯಲ್ಲಿ ನನ್ನ ಸ್ಥಾನ: ಮೊದಲ ಪುಟದಲ್ಲಿ ಇಪ್ಪತ್ತಾರು ವರ್ಷ, ಮೂರನೆಯ ಪುಟದಲ್ಲಿ ಒಂಬತ್ತು, ಏಳನೆಯದರಲ್ಲಿ ಆರು. ಪ್ರಸ್ತುತ ನನ್ನ ಚೌಕದ ಎಡಕ್ಕೆ ನಿಧನವಾರ್ತೆ, ಬಲಕ್ಕೆ ಕೂದಲು ಉದುರುವಿಕೆಗೆ ಎಣ್ಣೆಯ ಜಾಹೀರಾತು.

೬. ವಹಿ ಆರಂಭಿಸಿದ ಕಾರಣ: ಮುಂದೆ ವಿಸ್ತರಿಸಿದೆ.

ಇಂದು ಹನ್ನೊಂದು ಗಂಟೆಗೆ ಸಂಪಾದಕರು ತಮ್ಮ ಗಾಜಿನ ಕೋಣೆಗೆ ಕರೆಸಿಕೊಂಡರು. ನಾನು ಈ ಪತ್ರಿಕೆಗೆ ಸೇರಿದ ದಿನ ಅವರಿಗೆ ಮೂರು ವರ್ಷ. ಈ ಸಂಗತಿಯನ್ನು ನಾನು ಅವರಿಗೆ ಬಾಯಿಬಿಟ್ಟು ಎಂದೂ ಹೇಳಿಲ್ಲ. ಮುಖಭಾವದಿಂದ ಮಾತ್ರ ತಿಳಿಸುತ್ತ ಬಂದಿದ್ದೇನೆ.

"ಸರ್, ಬೇಜಾರು ಮಾಡ್ಕೋಬೇಡಿ" ಎಂದರು. ಹೀಗೆ ಆರಂಭವಾದ ಮಾತು ಬೇಜಾರಿಲ್ಲದೆ ಮುಗಿದ ನಿದರ್ಶನ ಇಲ್ಲ. "ಒಂದು ತಿಂಗಳು ನಿಮ್ಮ ಚಿತ್ರ ವೆಬ್‌ಸೈಟ್‌ನಲ್ಲೂ ಹಾಕ್ತೀವಿ. ಜನ ನೋಡಿ ನಾಲ್ಕು ಮಾತು ಬರೆದ್ರೆ ಚೌಕ ಇರುತ್ತೆ. ಇಲ್ಲಾಂದ್ರೆ ಒಂದನೇ ತಾರೀಕಿಂದ ಅಲ್ಲಿ ಪದಬಂಧ."

"ಪದಬಂಧ ಈಗಾಗಲೇ ಇದೆಯಲ್ಲ?"

"ಇದು ಇನ್ನೊಂದು ಸರ್. ದೊಡ್ಡದು."

ಹೊರಗೆ ವೆಬ್ ವಿಭಾಗದ ಮೇಡಂ ಕಾದಿದ್ದರು. ನಲವತ್ತರ ಆಸುಪಾಸಿನವರು, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುವ ಸ್ವಭಾವದವರು. ಮುದ್ರಣಕ್ಕೆ ಹೋಗಿಬಂದ ಮೇಲೆ ಮೂಲ ಚಿತ್ರವನ್ನೇ ತಮಗೆ ಕೊಡಬೇಕು, ಅದರ ಫೋಟೋ ತೆಗೆದು ಹಾಕುತ್ತೇವೆ, ಕಾಗದದ ಒರಟು, ಮಸಿಯ ಒದ್ದೆ ಎಲ್ಲ ಕಾಣುತ್ತದೆ ಎಂದರು. ಒಪ್ಪಿದೆ. ನಲವತ್ತೊಂದು ವರ್ಷಗಳಲ್ಲಿ ನನ್ನ ಮೂಲವನ್ನು ಕೇಳಿದವರು ಇವರು ಎರಡನೆಯವರು.

ಮೊದಲನೆಯವರು, ಮುದ್ರಣಕ್ಕಾಗಿ ಚಿತ್ರಗಳ ಫೋಟೋ ತೆಗೆಯುತ್ತಿದ್ದ ಕ್ಯಾಮೆರಾ ಕೋಣೆಯ ಹಿರಿಯರು. ಅವರ ವಿಷಯವನ್ನು ಇಲ್ಲಿ ದಾಖಲಿಸುವುದು ಉಚಿತ. ನಾನು ಮೊದಲು ತಿಳಿನೀಲಿ ಪೆನ್ಸಿಲಿನಲ್ಲಿ ಚಿತ್ರ ಹಾಕಿಕೊಂಡು, ಮೇಲೆ ಕಪ್ಪು ಮಸಿ ಎಳೆಯುವವನು. ಪ್ರೆಸ್ಸಿನ ಕ್ಯಾಮೆರಾಕ್ಕೆ ತಿಳಿನೀಲಿ ಕಾಣುವುದಿಲ್ಲ. ಆದ್ದರಿಂದ ನೀಲಿಯನ್ನು ಅಳಿಸುವ ಶ್ರಮವಿಲ್ಲ. ಆ ಹಿರಿಯರಿಗೆ ನಗು ಬರಲೆಂದು ನೀಲಿಯಲ್ಲಿ ಅಲ್ಲೊಂದು ಇಲ್ಲೊಂದು ಮಾತು ಗೀಚುತ್ತಿದ್ದೆ. ಆಗ ನಾನು ಕಚೇರಿಯಲ್ಲೇ ಕುಳಿತು ಬರೆಯುತ್ತಿದ್ದೆ. ಅವರು ನಕ್ಕದ್ದು ಗೋಡೆಯಾಚೆಯಿಂದ ನನಗೆ ಕೇಳಿಸುತ್ತಿತ್ತು. ಅವರು ನಿವೃತ್ತರಾಗಿ ಹನ್ನೆರಡು ವರ್ಷ, ತೀರಿಕೊಂಡು ಒಂಬತ್ತು ವರ್ಷ. ನೀಲಿ ಗೀಚುವುದನ್ನು ಮಾತ್ರ ಕೈ ಬಿಟ್ಟಿಲ್ಲ. ಕೈಗೆ ಸುದ್ದಿ ತಡವಾಗಿ ಮುಟ್ಟುತ್ತದೆ.

ಮಾರ್ಚ್ ೫, ಗುರುವಾರ

ಜಾಲತಾಣದಲ್ಲಿ ಮೊದಲ ಚಿತ್ರ ಪ್ರಕಟವಾಗಿದೆ. ನನ್ನಲ್ಲಿ ಚಿತ್ರ ತೋರಿಸುವ ಫೋನಿಲ್ಲ. ಅಕ್ಕನಲ್ಲಿ ಇದೆ. ಆಕೆ ಅಭಿಪ್ರಾಯಗಳನ್ನು ಗಟ್ಟಿಯಾಗಿ ಓದುತ್ತ ಹೋದಳು. ಒಟ್ಟು ಆರು.

"ಕೇಳೋ. ಒಬ್ಬ ‘ಬೆಂಕಿಚೆಂಡು’ ಅಂತೆ. ‘ಮುದುಕಪ್ಪ, ಪೆನ್ಸಿಲ್ ಬಿಸಾಕಿ ಮನೇಲಿ ಕೂತ್ಕೋ’ ಅಂದಿದಾನೆ."

"ಹೆಸರು, ವಿಳಾಸ?"

"ಬೆಂಕಿಚೆಂಡಿಗೆ ಎಂಥ ವಿಳಾಸವೋ! ಮುಂದಿಂದು ಕೇಳು. ‘ಇವರು ಮರದ ಮೇಲೆ ಮರ ಅಂತ ಬರೀತಾರೆ, ಮನುಷ್ಯನ ಮೇಲೆ ಮನುಷ್ಯ ಅಂತ ಬರೀತಾರೆ, ನಮಗೆ ಕಣ್ಣಿಲ್ವಾ?’ ಇದು ‘ಖಾಲಿ ಕುರ್ಚಿ’ ಅನ್ನೋನು. ಇನ್ನೊಬ್ಬ ಸುಮ್ನೆ ‘ಶುಭೋದಯ’ ಅಂದಿದಾನೆ, ಸಂಜೆ ಆರಕ್ಕೆ. ಇನ್ನೊಬ್ಬಳು ‘ಕಿವಿ ದೊಡ್ಡದಾಯ್ತು, ಇರಲಿ’ ಅಂತ ಹಾಕಿ ನಗ್ತಿದಾಳೆ."

ಕೊನೆಯ ಅಭಿಪ್ರಾಯ ನನ್ನನ್ನು ಚಕಿತಗೊಳಿಸಿತು. ಮುಖ್ಯಮಂತ್ರಿಗಳ ಕಿವಿ ದೊಡ್ಡದಾಯಿತೆಂದು ಬರೆಯುವಾಗ ನನಗೂ ಅನ್ನಿಸಿತ್ತು. ‘ಇರಲಿ’ ಎಂದೂ ಅನ್ನಿಸಿತ್ತು. ಅದೇ ಪದಗಳಲ್ಲಿ ಅನ್ನಿಸಿತ್ತು. ಓದುಗರಲ್ಲಿ ಸೂಕ್ಷ್ಮಮತಿಗಳೂ ಇದ್ದಾರೆಂದು ಇದರಿಂದ ವಿದಿತವಾಗುತ್ತದೆ.

ಮಾರ್ಚ್ ೭, ಶನಿವಾರ

ಬಂದ ಅರ್ಜಿಗೆ ಉತ್ತರ ಕೊಡದಿರುವುದು ನಾನು ಕಲಿತ ವಿದ್ಯೆಗೆ ಅವಮಾನ. ಪ್ರತ್ಯೇಕ ವಹಿಯೊಂದನ್ನು ತೆರೆದು ಕ್ರಮಸಂಖ್ಯೆ, ಸ್ವೀಕೃತಿ ದಿನಾಂಕ, ಸಾರಾಂಶ, ವಿಲೇವಾರಿ ಎಂದು ನಾಲ್ಕು ಕಾಲಮು ಎಳೆದಿದ್ದೇನೆ. ಉತ್ತರವನ್ನು ನಾನು ಹೇಳುವುದು, ಅಕ್ಕ ಒಂದೇ ಬೆರಳಿನಲ್ಲಿ ಒತ್ತುವುದು.

ಕ್ರಮಸಂಖ್ಯೆ ೧ಕ್ಕೆ ಕೊಟ್ಟ ಉತ್ತರದ ನಕಲು: "ಮಾನ್ಯ ಬೆಂಕಿಚೆಂಡು ಅವರಿಗೆ. ತಮ್ಮ ಮನವಿಯನ್ನು ಪರಿಶೀಲಿಸಲಾಯಿತು. ‘ಮುದುಕ’ ಎಂಬ ಅಂಶವನ್ನು ಒಪ್ಪಲಾಗಿದೆ. ‘ಮನೆಯಲ್ಲಿ ಕೂರು’ ಎಂಬ ಕೋರಿಕೆಗೆ ಸಂಬಂಧಿಸಿದಂತೆ, ಕೆಳಗೆ ಸಹಿ ಮಾಡಿದವನು ಮನೆಯಲ್ಲೇ ಕುಳಿತು ಚಿತ್ರ ಬರೆಯುತ್ತಿರುವುದರಿಂದ ಅದು ಈಗಾಗಲೇ ಈಡೇರಿದೆ. ಪೆನ್ಸಿಲ್ ಬಿಸಾಡುವ ಅಂಶವನ್ನು ಪೆನ್ಸಿಲ್ ಪೂರ್ತಿ ಸವೆದ ಬಳಿಕ ಪರಿಗಣಿಸಲಾಗುವುದು."

"ಬೆರಳು ನೋಯ್ತಿದೆ ಕಣೋ" ಎಂದಳು ಅಕ್ಕ. "‘ಹೋಗಯ್ಯ’ ಅಂದ್ರೆ ಸಾಕಾಗಿತ್ತು."

"ಹಾಗೆಂದರೆ ಅವನಿಗೂ ನಮಗೂ ಏನು ವ್ಯತ್ಯಾಸ?"

"ಎರಡು ಗಂಟೆ ವ್ಯತ್ಯಾಸ."

ಖಾಲಿ ಕುರ್ಚಿಯವರಿಗೆ, ಚಿತ್ರದಲ್ಲಿ ಹೆಸರು ಬರೆಯುವುದು ನಮ್ಮ ವೃತ್ತಿಯ ಅಂಗೀಕೃತ ಪದ್ಧತಿ ಎಂದು ಖಡಾಖಂಡಿತವಾಗಿ ತಿಳಿಸಲಾಗಿದೆ.

ಮಾರ್ಚ್ ೯, ಸೋಮವಾರ

ಇಂದಿನ ಚಿತ್ರ ತೃಪ್ತಿಕರ. ವಿಷಯ: ಆರು ವರ್ಷಗಳಿಂದ ಮುಗಿಯದ ಸೇತುವೆ. ಲೋಕೋಪಯೋಗಿ ಸಚಿವರು ದೋಣಿಯಲ್ಲಿ ಕುಳಿತು ಹುಟ್ಟು ಹಾಕುತ್ತಿದ್ದಾರೆ. ದೋಣಿಯ ಮೇಲೆ ‘ಅಭಿವೃದ್ಧಿ’, ಅಲೆಗಳ ಮೇಲೆ ‘ಸವಾಲುಗಳು’ ಎಂದು ಬರೆದಿದ್ದೇನೆ. ಅಡಿಬರಹ: ‘ಕಷ್ಟವಾದರೂ ಸಾಗೋಣ!’ ಗಂಭೀರವಾಗಿದೆ, ಸಮತೂಕವಾಗಿದೆ, ಯಾರಿಗೂ ನೋವಾಗುವಂತಿಲ್ಲ.

ಸೇತುವೆಯ ಗುತ್ತಿಗೆ ಸಚಿವರ ಭಾವಮೈದುನನಿಗೆ ಸಿಕ್ಕಿರುವುದು ಊರಿಗೆಲ್ಲ ಗೊತ್ತು. ಅದನ್ನು ಪತ್ರಿಕೆಯಲ್ಲಿ ಬರೆಯುವಂತಿಲ್ಲ. ಕೈಗೆ ಸಮಾಧಾನವಾಗಲೆಂದು ನೀಲಿಯಲ್ಲಿ ದೋಣಿಯ ಹಿಂಭಾಗದಿಂದ ಒಂದು ಹಗ್ಗ ಎಳೆದು, ದಡದ ಮೇಲೆ ಆರಾಮಕುರ್ಚಿ ಹಾಕಿ, ಅದರಲ್ಲಿ ಭಾವಮೈದುನನನ್ನು ಒರಗಿಸಿ, ಹಗ್ಗದ ತುದಿಯನ್ನು ಅವನ ಕಾಲ ಹೆಬ್ಬೆರಳಿಗೆ ಕಟ್ಟಿದೆ. ಪಕ್ಕದಲ್ಲಿ ‘ಇದನ್ನು ಮಸಿಯಲ್ಲಿ ಎಳೆದರೆ ಸಂಪಾದಕರಿಗೆ ಜ್ವರ’ ಎಂದು ಗೀಚಿದೆ. ಗೋಡೆಯಾಚೆ ನಗುವವರು ಇದ್ದಿದ್ದರೆ ನಕ್ಕಿರುತ್ತಿದ್ದರು.

ಮಾರ್ಚ್ ೧೦, ಮಂಗಳವಾರ

ಅಭಿಪ್ರಾಯಗಳು ನೂರ ನಲವತ್ತು ದಾಟಿವೆ!

"ಎಲ್ರೂ ಹಗ್ಗ, ಹಗ್ಗ ಅಂತಿದಾರೆ" ಎಂದಳು ಅಕ್ಕ. "‘ಹಗ್ಗ ಸೂಪರ್.’ ‘ಭಾವಮೈದುನನ ಹೆಬ್ಬೆರಳಿಗೆ ನಮಸ್ಕಾರ.’ ಹಗ್ಗ ಎಲ್ಲಿದ್ಯೋ?"

ಪತ್ರಿಕೆಯ ಏಳನೆಯ ಪುಟ ತೆಗೆದು ಭೂತಗನ್ನಡಿ ಹಿಡಿದೆ. ದೋಣಿ ಇದೆ, ಅಲೆ ಇದೆ, ಸಚಿವರಿದ್ದಾರೆ. ಹಗ್ಗ ಇಲ್ಲ. ಆಗ ಒಂದು ಸತ್ಯ ಹೊಳೆದು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ನಾನು ಮಸಿಯಲ್ಲಿ ಬರೆದದ್ದು ದೋಣಿಯನ್ನು ಮಾತ್ರ. ಕ್ಯಾಮೆರಾಕ್ಕೆ ಕಾಣದ ನೀಲಿ ಲೆಕ್ಕಕ್ಕಿಲ್ಲ. ಆದರೆ ರೇಖೆಯ ಶಕ್ತಿ ಎಂಥದೆಂದರೆ, ನನ್ನ ಮನಸ್ಸಿನಲ್ಲಿದ್ದ ಹಗ್ಗ ಓದುಗರಿಗೆ ತಾನಾಗಿ ಗೋಚರಿಸಿದೆ. ಹೆಬ್ಬೆರಳಿನ ಸಮೇತ! ನಲವತ್ತೊಂದು ವರ್ಷಗಳ ಸಾಧನೆಯ ಫಲವಲ್ಲದೆ ಇದು ಮತ್ತೇನು?

ಅಕ್ಕನಿಗೆ ಇದನ್ನು ವಿವರಿಸಿದೆ. ಆಕೆ ನನ್ನ ಹಣೆ ಮುಟ್ಟಿ ನೋಡಿದಳು.

"ಫೋನಿನಲ್ಲಿ ಚಿತ್ರ ನೋಡಿದೆಯಾ?" ಎಂದು ಕೇಳಿದೆ.

"ಚಿತ್ರ ಯಾರು ನೋಡ್ತಾರೋ? ಅಂಚೆಚೀಟಿ ಅಷ್ಟಿರುತ್ತೆ. ಕೆಳಗಿಂದು ಓದೋಕೇ ಟೈಮಿಲ್ಲ."

ಮಾರ್ಚ್ ೧೨, ಗುರುವಾರ

ಸಂಪಾದಕರ ದೂರವಾಣಿ ಕರೆ. ಧ್ವನಿಯಲ್ಲಿ ಹಬ್ಬ. "ಸರ್, ನಾಲ್ಕು ನೂರು ಕಮೆಂಟು! ನನ್ನನ್ನೂ ಬಿಡ್ಲಿಲ್ಲ ನೀವು, ಜ್ವರ ಅಂದ್ರಲ್ಲ, ನಿಜವಾಗ್ಲೂ ಬಂದಂಗಾಯ್ತು" ಎಂದು ನಗುತ್ತ ಫೋನ್ ಇಟ್ಟರು. ಅವರಿಗೆ ಜ್ವರವಂತೆ. ಹವೆ ಬದಲಾಗುತ್ತಿದೆ, ಕುದಿಸಿದ ನೀರು ಕುಡಿಯುವುದು ಒಳ್ಳೆಯದು.

ಅಭಿಪ್ರಾಯ ವಿಭಾಗದಲ್ಲಿ ಗಮನಾರ್ಹ ಬೆಳವಣಿಗೆ. ಕೆಲವರು ನನ್ನ ಶೈಲಿಯಲ್ಲೇ ಬೈಯತೊಡಗಿದ್ದಾರೆ. ಒಬ್ಬರು: "ಮಾನ್ಯರೇ, ತಮ್ಮ ಚಿತ್ರವು ಅತ್ಯಂತ ಕಳಪೆಯಾಗಿದೆ ಎಂದು ತಮ್ಮ ಅವಗಾಹನೆಗೆ ತರಲು ವಿಷಾದಿಸುತ್ತೇನೆ." ಓದಿ ಆನಂದವಾಯಿತು. ‘ಅವಗಾಹನೆ’ಯನ್ನು ತಪ್ಪಿಲ್ಲದೆ ಬರೆದಿದ್ದಾರೆ. ಬೆಂಕಿಚೆಂಡು ಅವರು ಮಾತ್ರ ತಮ್ಮದೇ ದಾರಿಯಲ್ಲಿದ್ದಾರೆ: "ತಾತ, ನಿನ್ನ ಉತ್ತರ ಓದೋಕೆ ರಜೆ ಹಾಕ್ಬೇಕು."

ಮೊದಲ ಸಲ ‘ತಾತ’ ಎಂದಿದ್ದಾರೆ. ವಹಿಯಲ್ಲಿ ದಾಖಲಿಸಿದೆ.

ಮಾರ್ಚ್ ೧೩, ಶುಕ್ರವಾರ

ಬಿರುಗಾಳಿ. ಭಾವಮೈದುನರು ಪತ್ರಿಕಾಗೋಷ್ಠಿ ಕರೆದು, ತಮ್ಮ ಕಾಲ ಹೆಬ್ಬೆರಳಿಗೆ ಅಪಮಾನವಾಗಿದೆ ಎಂದಿದ್ದಾರೆ. ಸಚಿವರ ಬೆಂಬಲಿಗರು ಪತ್ರಿಕೆಯ ಕಚೇರಿಯ ಮೆಟ್ಟಿಲ ಮೇಲೆ ಕುಳಿತಿದ್ದಾರೆ. ವಿರೋಧ ಪಕ್ಷದವರು ಆ ಚಿತ್ರವನ್ನು ಬಟ್ಟೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಿ ಮೆರವಣಿಗೆ ಹೊರಡಿಸಿದ್ದಾರಂತೆ.

ಸಂಪಾದಕರು ಕರೆಸಿ, ಬಾಗಿಲು ಹಾಕಿ ಕೇಳಿದರು. "ಸರ್, ನೇರವಾಗಿ ಹೇಳಿ. ಆ ಹಗ್ಗ, ಆ ಭಾವಮೈದುನ, ನೀವು ಬರೆದದ್ದಾ?"

"ಇಲ್ಲ."

"ಖಂಡಿತ?"

"ಪತ್ರಿಕೆ ತೆಗೆದು ನೋಡಿ. ಇದ್ದರೆ ನನ್ನ ಕೈ ಕತ್ತರಿಸಿ."

ಅವರು "ಹಾಗಾದ್ರೆ ವೆಬ್‌ನಲ್ಲೇ ಯಾರೋ ಸೇರಿಸಿದಾರೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಯಾರು, ಏನು ಸೇರಿಸಿದರೆಂದು ನನಗೆ ತಿಳಿಯಲಿಲ್ಲ. ಕೇಳುವುದು ಘನತೆಯಲ್ಲ ಎಂದು ಕೇಳಲಿಲ್ಲ. ಅಲ್ಲೇ ಕುಳಿತು ಎಂಟು ಸಾಲಿನ ಹೇಳಿಕೆ ಬರೆದುಕೊಟ್ಟೆ: ‘ಸದರಿ ಹಗ್ಗವಾಗಲಿ, ಸದರಿ ವ್ಯಕ್ತಿಯಾಗಲಿ, ಸದರಿಯವರ ಹೆಬ್ಬೆರಳಾಗಲಿ ನನ್ನಿಂದ ರಚಿತವಾದುದಲ್ಲ.’ ಮೂರು ‘ಸದರಿ’ಗಳು ಸಾಲಾಗಿ ಚೆನ್ನಾಗಿ ಕೂತವು.

ಮಾರ್ಚ್ ೧೫, ಭಾನುವಾರ

ಹೇಳಿಕೆ ಪ್ರಕಟವಾಗಿದೆ. ಪರಿಣಾಮ ವಿಚಿತ್ರ.

"ನೀನಲ್ಲ ಅಂದಮೇಲೆ ಬೇರೆ ಯಾರೋ ಇದಾರೆ ಅಂತ ಜನ ತೀರ್ಮಾನ ಮಾಡಿದಾರೆ ಕಣೋ" ಎಂದು ಅಕ್ಕ ಓದಿದಳು. "‘ಹಗ್ಗ ಬರೆದ ಪುಣ್ಯಾತ್ಮ ಯಾರು?’ ‘ಆ ಕೈಗೆ ಚಿನ್ನದ ಬಳೆ ತೊಡಿಸಬೇಕು.’ ಖಾಲಿ ಕುರ್ಚಿ ಏನಂತಾನೆ ಅಂದ್ರೆ, ‘ದೋಣಿ ಬರೆದವರನ್ನ ಮನೆಗೆ ಕಳಿಸಿ, ಹಗ್ಗ ಬರೆದವರಿಗೆ ಆ ಚೌಕ ಕೊಡಿ.’ ಇನ್ನೂರು ಜನ ಹೌದು ಅಂದಿದಾರೆ."

ನಾನು ಊಟ ಬಿಟ್ಟು ಎದ್ದೆ. ಹಗ್ಗ ಓದುಗರ ಕಲ್ಪನೆ ಎಂದುಕೊಂಡಿದ್ದೆ. ಯಾವನೋ ನಿಜವಾಗಿಯೂ ಬರೆದಿದ್ದಾನೆ! ನನ್ನ ಚಿತ್ರದಲ್ಲಿ! ನನಗಿಂತ ಚೆನ್ನಾಗಿ!

ಮಾರ್ಚ್ ೧೭, ಮಂಗಳವಾರ

ವೆಬ್ ವಿಭಾಗದ ಮೇಡಂ ಮನೆಗೆ ಬಂದರು. ಕೈಯಲ್ಲಿ ನನ್ನ ಮೂಲ ಚಿತ್ರಗಳ ಕಟ್ಟು, ಕಣ್ಣು ಕೆಂಪು. ಕಚೇರಿಯಲ್ಲಿ ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆಂದರು.

"ಸರ್, ನಾನು ಏನೂ ಸೇರಿಸಿಲ್ಲ. ಇದ್ದದ್ದನ್ನ ಇದ್ದ ಹಾಗೆ ಫೋಟೋ ತೆಗೆದೆ ಅಷ್ಟೇ. ನೋಡಿ." ತಮ್ಮ ಫೋನನ್ನು ನನ್ನ ಮುಂದಿಟ್ಟು, ಎರಡು ಬೆರಳಿನಿಂದ ಚಿತ್ರವನ್ನು ಅಗಲ ಮಾಡಿದರು.

ನೀಲಿ. ನನ್ನ ನೀಲಿ. ಹಗ್ಗ, ಆರಾಮಕುರ್ಚಿ, ಹೆಬ್ಬೆರಳು, ಸಂಪಾದಕರ ಜ್ವರ, ಎಲ್ಲ ಹಾಡುಹಗಲಿನಲ್ಲಿ.

"ಇದು… ಕ್ಯಾಮೆರಾಕ್ಕೆ ಕಾಣೋದಿಲ್ಲವಲ್ಲ" ಎಂದೆ.

"ಯಾವ ಕ್ಯಾಮೆರಾಕ್ಕೆ ಸರ್?"

ಮುದ್ರಣದ ಯಂತ್ರಕ್ಕೆ ಇಂದಿಗೂ ಕಾಣುವುದಿಲ್ಲ. ಆದ್ದರಿಂದ ಪತ್ರಿಕೆಯಲ್ಲಿ ಇಲ್ಲ. ಇವರ ಫೋನಿಗೆ ಎಲ್ಲ ಬಣ್ಣವೂ ಕಾಣುತ್ತದೆ.

"ನಾನು ಬೇಕಂತಲೇ ಬರೆದಿದೀರಿ ಅಂದ್ಕೊಂಡೆ" ಎಂದರು ಮೇಡಂ. "ಮೊದಲ ದಿನದ ಚಿತ್ರದಲ್ಲಿ ‘ಕಿವಿ ದೊಡ್ಡದಾಯ್ತು, ಇರಲಿ’ ಅಂತ ಇತ್ತು. ನಾನು ಮನೇಲಿ ಮಕ್ಕಳಿಗೆ ತೋರಿಸಿ ನಕ್ಕಿದ್ದೆ."

ಅಕ್ಕ ಫೋನನ್ನು ಕಿತ್ತುಕೊಂಡು, ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಅಡುಗೆಮನೆಯಿಂದ ನಗು ಕೇಳಿಸಿತು. ಗೋಡೆಯಾಚೆಯಿಂದ ಅಂಥ ನಗು ಕೇಳಿ ಹನ್ನೆರಡು ವರ್ಷವಾಗಿತ್ತು.

ಮಾರ್ಚ್ ೧೮, ಬುಧವಾರ

ದಾಖಲಿಸುವಂಥದು ಏನೂ ಇಲ್ಲ.

ಮಾರ್ಚ್ ೧೯, ಗುರುವಾರ

ಇಂದಿನ ಚಿತ್ರದಲ್ಲಿ ಹೆಸರುಗಳನ್ನು ಬರೆದಿಲ್ಲ. ಸ್ಥಳಾವಕಾಶದ ಕೊರತೆ.

ನೀಲಿಯನ್ನು ಮುಟ್ಟಲಿಲ್ಲ.

ಮಾರ್ಚ್ ೨೧, ಶನಿವಾರ

ಮನುಷ್ಯನು ತನ್ನ ಮೇಲೆಯೇ ಅಸೂಯೆ ಪಡಬಹುದೆಂದು ಯಾವ ಶಾಸ್ತ್ರದಲ್ಲೂ ಓದಿರಲಿಲ್ಲ. ಜನರು ಆ ಅಜ್ಞಾತನಿಗೆ ‘ನೀಲಿ ಗುರು’ ಎಂದು ಹೆಸರಿಟ್ಟಿದ್ದಾರೆ. ‘ಕಪ್ಪು ತಾತ ಬೇಡ, ನೀಲಿ ಗುರು ಬೇಕು’ ಎಂದು ಬರೆಯುತ್ತಿದ್ದಾರೆ. ನನ್ನನ್ನು ಅಳಿಸಿ ನನ್ನನ್ನೇ ಕೂರಿಸಿ ಎಂದು ಕೇಳುತ್ತಿದ್ದಾರೆ, ಪಾಪ, ಅವರಿಗೇನು ಗೊತ್ತು? ಮೂರು ದಿನದಿಂದ ನೀಲಿ ಇಲ್ಲದ್ದು ಕಂಡು, ‘ನೀಲಿ ಗುರುವನ್ನು ಕೆಲಸದಿಂದ ತೆಗೆದರು’ ಎಂದು ಶೋಕಿಸುವವರೂ ಇದ್ದಾರೆ.

ಹಳೆಯ ಮೂಲ ಚಿತ್ರಗಳ ಟ್ರಂಕನ್ನು ಎಳೆದು, ಕಿಟಕಿಯ ಬೆಳಕಿನಲ್ಲಿ ಒಂದೊಂದಾಗಿ ನೋಡಿದೆ. ಮೊದಲ ಪುಟದ ಕಾಲದವುಗಳಲ್ಲಿ ನೀಲಿಯಲ್ಲಿ ಇದ್ದದ್ದು ಸಣ್ಣ ತಮಾಷೆ. ಹಗ್ಗ, ಹೆಬ್ಬೆರಳಿನಂಥ ಕುಟುಕುಗಳೆಲ್ಲ ಮಸಿಯಲ್ಲೇ ಇದ್ದವು. ಯಾವ ವರ್ಷದಿಂದ ಅವು ನೀಲಿಗೆ ಇಳಿದವು, ಮಸಿಗೆ ಬರೀ ದೋಣಿ ಉಳಿಯಿತು ಎಂದು ಹುಡುಕಿದೆ. ಒಂದು ನಿರ್ದಿಷ್ಟ ದಿನಾಂಕ ದೊರೆಯಲಿಲ್ಲ. ಯಾರೂ ನನಗೆ ಹಾಗೆ ಮಾಡೆಂದು ಆದೇಶಿಸಿದ ದಾಖಲೆಯೂ ಇಲ್ಲ.

ಬೆಂಕಿಚೆಂಡು ಅವರು ಎರಡು ದಿನದಿಂದ ಏನೂ ಬರೆದಿಲ್ಲ.

"ಹುಷಾರಿಲ್ವೇನೋ" ಎಂದೆ.

"ಯಾರಿಗೆ?"

"ಬೆಂಕಿಚೆಂಡು ಅವರಿಗೆ."

ಅಕ್ಕ ನನ್ನನ್ನು ಒಂದು ನೋಟ ನೋಡಿ ಹೇಳಿದಳು: "ಎಕ್ಸ್‌ಚೇಂಜಿನಲ್ಲಿ ನಾನು ಮೂವತ್ತಾರು ವರ್ಷ ಬೈಸಿಕೊಂಡಿದೀನಿ. ಜೋರಾಗಿ ಬೈಯೋರು ಯಾರು ಗೊತ್ತೇನೋ? ಲೈನಿಗೆ ತುಂಬ ಹೊತ್ತು ಕಾದಿರೋರು. ‘ಹಲೋ, ಹೇಳಿ’ ಅಂದ್ರೆ ಸಾಕು, ಅರ್ಧ ಜನ ಏನು ಹೇಳಬೇಕಂತಿದ್ರು ಅನ್ನೋದೇ ಮರೀತಿದ್ರು. ನೀನು ‘ಮಾನ್ಯರೇ’ ಅಂತ ಉತ್ತರ ಕೊಟ್ಟೆ ನೋಡು, ಅದಕ್ಕೇ ಅವನು ತಾತ ಅಂದ."

ಮಾರ್ಚ್ ೨೪, ಮಂಗಳವಾರ

ಭಾವಮೈದುನರ ವಕೀಲರಿಂದ ನೋಟಿಸು ಬಂದಿದೆ. ಸಂಪಾದಕರು ಅದನ್ನು ಮೇಜಿನ ಮೇಲೆ ಹರಡಿ, ನನಗೆ ಚಹಾ ತರಿಸಿದರು. ಚಹಾ ಬಂದದ್ದು ಕಂಡೇ ವಿಷಯ ಗುರುತರವೆಂದು ಗ್ರಹಿಸಿದೆ.

"ಸರ್, ದಾರಿ ಇದೆ. ನೀವು ಆಗಲೇ ಒಂದು ಹೇಳಿಕೆ ಕೊಟ್ಟಿದೀರಿ. ಇನ್ನೊಂದು ಕೊಡಿ, ಸ್ವಲ್ಪ ವಿವರವಾಗಿ. ವೆಬ್ ವಿಭಾಗದಲ್ಲಿ ಚಿತ್ರವನ್ನ ತಿದ್ದಿದಾರೆ ಅಂತ. ಅವರನ್ನ ಕೆಲಸದಿಂದ ಬಿಡಿಸ್ತೀವಿ, ವಿಷಾದ ಅಂತ ಎರಡು ಸಾಲು ಹಾಕ್ತೀವಿ, ಮುಗೀತು."

"ನನ್ನ ಚೌಕ?"

"ಮೂರನೇ ಪುಟ. ಈಗ್ಲೇ ಮಾತು ಕೊಡ್ತೀನಿ. ಇಷ್ಟು ಜನ ಬರ್ತಿದಾರೆ, ಬಿಡೋಕಾಗುತ್ತಾ?"

ಮೂರನೆಯ ಪುಟ! ಅಲ್ಲಿ ನಿಧನವಾರ್ತೆ ಇಲ್ಲ, ಎಣ್ಣೆಯೂ ಇಲ್ಲ. ‘ಹಗ್ಗ ನನ್ನದೇ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಚಹಾದ ಜೊತೆ ನುಂಗಿದೆ. ಬರೆದುಕೊಡಲು ಸೋಮವಾರದವರೆಗೆ ಕಾಲಾವಕಾಶ ಕೋರಿದೆ. ಮಂಜೂರಾಯಿತು.

ಹೊರಗೆ ಬರುವಾಗ ಮೇಡಂ ತಮ್ಮ ಮೇಜಿನಲ್ಲಿ ಕನ್ನಡಕ ಹುಡುಕುತ್ತಿದ್ದರು. ತಲೆಯ ಮೇಲಿದೆ ಎಂದು ಹೇಳಬೇಕಿತ್ತು. ಹೇಳದೆ ಬಂದೆ.

ಮಾರ್ಚ್ ೨೬, ಗುರುವಾರ

ಎರಡನೆಯ ಹೇಳಿಕೆಯ ಕರಡು ಸಿದ್ಧವಾಗಿದೆ. ಒಂದೂವರೆ ಪುಟ. ಇಷ್ಟು ಚೆನ್ನಾದ ಗದ್ಯವನ್ನು ನಾನು ಈಚಿನ ವರ್ಷಗಳಲ್ಲಿ ಬರೆದಿಲ್ಲ. ‘ಸದರಿ ನೀಲ ರೇಖೆಗಳ ಉಗಮದ ಬಗ್ಗೆ ಕೆಳಗೆ ಸಹಿ ಮಾಡಿದವನಿಗೆ ಯಾವುದೇ ಅರಿವು ಇರುವುದಿಲ್ಲ’ ಎಂಬ ವಾಕ್ಯವನ್ನು ಗಟ್ಟಿಯಾಗಿ ಎರಡು ಸಲ ಓದಿದೆ.

ಅಕ್ಕ ಕರಡನ್ನು ತೆಗೆದುಕೊಂಡು ಕೊನೆಯವರೆಗೆ ಓದಿದಳು. "ಬಹಳ ಚೆನ್ನಾಗಿದೆ" ಎಂದಳು. "ಯಾರಿಗೆ ಬರೆದುಕೊಟ್ಟೆ?"

"ಯಾರಿಗೂ ಅಲ್ಲ. ಇದು ನನ್ನದೇ."

"ಹೌದಾ? ಹಳೇ ಕಾಲದ ಹಾಗೆ ಯಾವನೋ ಕಕ್ಷಿದಾರನಿಗೆ ಬರೆದುಕೊಟ್ಟೆ ಅಂದ್ಕೊಂಡೆ."

ಇಷ್ಟು ಹೇಳಿ, ಕನ್ನಡಕ ಮಡಿಸಿಟ್ಟು, ಒಗೆದ ಬಟ್ಟೆ ತರಲು ಹೋದಳು. ಜಗಳವಾಡಿದ್ದರೆ ಗೆಲ್ಲುತ್ತಿದ್ದೆ.

ಹದಿಮೂರು ವರ್ಷ ನಾನು ಪರರ ಸುಳ್ಳುಗಳನ್ನು ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡಿದ್ದೇನೆ. ಸಹಿ ಮಾತ್ರ ಯಾವಾಗಲೂ ಅವರದಾಗಿತ್ತು.

ಮಾರ್ಚ್ ೨೮, ಶನಿವಾರ

ಬೆಂಕಿಚೆಂಡು ಅವರು ಮರಳಿದ್ದಾರೆ! ಹಲ್ಲುನೋವಂತೆ. ಬಂದವರೇ ಬರೆದಿದ್ದಾರೆ: "ತಾತ, ನೀಲಿ ನೀವಲ್ಲ ಅಂತ ನನಗೆ ಆಗಲೇ ಗೊತ್ತಿತ್ತು. ನಿಮಗೆ ಅಷ್ಟು ಧೈರ್ಯ ಎಲ್ಲಿ? ಆದರೆ ನಿಮ್ಮ ಉತ್ತರ ಓದೋಕೆ ಚೆನ್ನಾಗಿರುತ್ತೆ, ಬಿಡಬೇಡಿ."

‘ನೀನು’ ಹೋಗಿ ‘ನೀವು’ ಆಗಿದೆ. ಹಲ್ಲಿಗೆ ಲವಂಗದ ಎಣ್ಣೆ ಹಚ್ಚಲು ಸೂಚಿಸಿ ಉತ್ತರ ಹೇಳಿದೆ. ಅಕ್ಕ ಒತ್ತಿದಳು. ಮುಂದಿನ ಅಂಶಕ್ಕೆ, ಅಂದರೆ ಧೈರ್ಯದ ಅಂಶಕ್ಕೆ, ಏನು ಒತ್ತಲಿ ಎಂದು ಕೇಳಿದಳು. ಬೆರಳು ಫೋನಿನ ಮೇಲೆ ಹಾಗೆಯೇ ಇತ್ತು.

ಸದ್ಯಕ್ಕೆ ಬಾಕಿ ಇಡು ಎಂದೆ. ವಹಿಯಲ್ಲಿ ಇದೊಂದೇ ಬಾಕಿ.

ಮಾರ್ಚ್ ೩೦, ಸೋಮವಾರ

ಹನ್ನೊಂದು ಗಂಟೆಗೆ ಸಂಪಾದಕರ ಕೋಣೆಗೆ ಹೋದೆ. ಮೇಡಂ ಅವರನ್ನೂ ಕರೆಸಬೇಕೆಂದು ಕೋರಿದೆ. ಕರೆಸಿದರು. ಕರಡು ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ.

"ಹಗ್ಗ ನಾನೇ ಬರೆದದ್ದು" ಎಂದೆ.

ಸಂಪಾದಕರು ನಕ್ಕರು. ನಾನು ನಗದಿದ್ದುದನ್ನು ಕಂಡು ನಿಲ್ಲಿಸಿದರು. "ಸರ್, ಹೆಬ್ಬೆರಳು?"

"ಅದೂ."

"ನನ್ನ ಜ್ವರ?"

"ಅದಂತೂ ನಾನೇ."

ಬ್ಯಾಗಿನಿಂದ ನೀಲಿ ಪೆನ್ಸಿಲನ್ನು ತೆಗೆದು, ಅವರ ಮೇಜಿನ ಮೇಲಿದ್ದ ವಕೀಲರ ನೋಟಿಸಿನ ಹಿಂಬದಿಯಲ್ಲಿ ಆ ಹೆಬ್ಬೆರಳನ್ನು ಮತ್ತೆ ಬರೆದು ತೋರಿಸಿದೆ. ಉಗುರಿನ ಸಮೇತ. ಸಂಶಯಕ್ಕೆ ಎಡೆ ಉಳಿಯಲಿಲ್ಲ. ಮೇಡಂ ಗೋಡೆಯ ಕಡೆ ತಿರುಗಿದರು. ಭುಜ ಅಲುಗುತ್ತಿತ್ತು. ಅಳುವೋ ನಗುವೋ ತಿಳಿಯದು.

"ಸರ್, ನೀವು ಒಂದು ಸಹಿ ಹಾಕಿದ್ರೆ ಮೂರನೇ ಪುಟ" ಎಂದರು ಸಂಪಾದಕರು, ಮೆಲ್ಲಗೆ. ಅವರು ಕೆಟ್ಟವರಲ್ಲ. "ಹೀಗಂದ್ರೆ ನಾನು ಚೌಕ ತೆಗೀಲೇಬೇಕು. ನೋಟಿಸು ನಿಮ್ಮ ಹೆಸರಿಗೇ ಬರುತ್ತೆ."

"ಬರಲಿ. ಉತ್ತರ ಬರೆಯಲು ಬರುತ್ತದೆ."

"ನಲವತ್ತೊಂದು ವರ್ಷ, ಸರ್."

"ನಿಮಗೆ ಮೂರು ವರ್ಷ ಇದ್ದಾಗಿನಿಂದ" ಎಂದೆ. ಈ ಮಾತು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಇಬ್ಬರಿಗೂ ಸ್ವಲ್ಪ ನಗು ಬಂತು.

ಅವರು ಕ್ಯಾಲೆಂಡರಿನಲ್ಲಿ ಒಂದನೆಯ ತಾರೀಕಿಗೆ ಗುರುತು ಹಾಕಿದರು. ಮೇಡಂ ಅವರ ಕೆಲಸಕ್ಕೆ ತೊಂದರೆ ಇಲ್ಲವೆಂದು ನನ್ನ ಎದುರಿಗೇ ಬರೆದುಕೊಟ್ಟರು. ವಾಕ್ಯರಚನೆ ಸುಮಾರಾಗಿತ್ತು. ತಿದ್ದಲಿಲ್ಲ.

ಮಾರ್ಚ್ ೩೧, ಮಂಗಳವಾರ

ಬೆಳಗ್ಗೆಯಿಂದ ಮೇಜಿನ ಮುಂದೆ ಕುಳಿತು ಒಂದೇ ಚಿತ್ರ ಬರೆದೆ. ಊಟಕ್ಕೆ ಕರೆದದ್ದು ಕೇಳಿಸಲಿಲ್ಲ ಎಂದು ಅಕ್ಕ ಬೈದಳು. ಆಮೇಲೆ ಫೋನು ಹಿಡಿದು ಕುಳಿತು, "ಹೇಳು, ಒತ್ತುತೀನಿ. ಚಿಕ್ಕದಾಗಿರಲಿ" ಎಂದಳು. ಚಿಕ್ಕದಾಗಿಯೇ ಬಂತು. ಅಭಿಪ್ರಾಯ ವಿಭಾಗದಲ್ಲಿ ಸಂಜೆ ನಾಲ್ಕಕ್ಕೆ ಸಲ್ಲಿಸಿದ್ದರ ನಕಲು:

ಕ್ರಮಸಂಖ್ಯೆ ೧ರಿಂದ ೧,೩೦೬ರವರೆಗಿನ ಮಾನ್ಯರಿಗೆ.

ವಿಷಯ: ಹಗ್ಗ.

ಮಾನ್ಯರೇ,

ಹಗ್ಗ ನಾನೇ ಬರೆದೆ. ಭಾವಮೈದುನರನ್ನೂ ಅವರ ಹೆಬ್ಬೆರಳನ್ನೂ ನಾನೇ ಬರೆದೆ. ಯಾರಿಗೂ ಕಾಣುವುದಿಲ್ಲ ಎಂಬ ಧೈರ್ಯದ ಮೇಲೆ ಬರೆದೆ. ಇಂಥವು ಬಹಳ ಬರೆದಿದ್ದೇನೆ.

ಈ ತಿಂಗಳ ಹದಿಮೂರರಂದು ‘ನಾನಲ್ಲ’ ಎಂದು ಸಹಿ ಹಾಕಿದೆ. ಅಂದು ನಿಮಗೆ ಕಾಣುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಹದಿನೇಳರಿಂದ ಗೊತ್ತಿತ್ತು. ಆ ಮೇಲಿನ ಹದಿನಾಲ್ಕು ದಿನ ಸುಮ್ಮನಿದ್ದದ್ದು ಚೌಕ ಹೋಗುತ್ತದೆಂಬ ಹೆದರಿಕೆಯಿಂದ. ಇದಕ್ಕಿಂತ ಗೌರವದ ಕಾರಣ ಹುಡುಕಿದೆ, ಸಿಗಲಿಲ್ಲ. ಫೋಟೋ ತೆಗೆದವರ ತಪ್ಪು ಏನೂ ಇಲ್ಲ.

ಚೌಕ ನಾಳೆಯಿಂದ ಇರುವುದಿಲ್ಲ. ಆದ್ದರಿಂದ ಚಿತ್ರವನ್ನು ಇಲ್ಲಿಯೇ, ನಿಮ್ಮ ಮಾತುಗಳ ನಡುವೆ ಇಡುತ್ತಿದ್ದೇನೆ. ಜಾಗ ಕೊಡಬೇಕಾಗಿ ಕೋರಿಕೆ. ಚೆನ್ನಾಗಿಲ್ಲದಿದ್ದರೆ ಎಂದಿನಂತೆ ತಿಳಿಸುವುದು.

ತಮ್ಮ ವಿಧೇಯ,

(ಸಹಿ)
ವ್ಯಂಗ್ಯಚಿತ್ರಕಾರ

ಲಗತ್ತು: ಚಿತ್ರ ಒಂದು. ದೋಣಿ, ಸಚಿವರು, ಹಗ್ಗ, ದಡ, ಭಾವಮೈದುನ. ಪೂರ್ತಿ ಕಪ್ಪು ಮಸಿಯಲ್ಲಿ.